ಬೇಸ್ ಗಿಟಾರಿನ ಜೀರ್ಣೋದ್ಧಾರ

(ಬಾನುಲಿ ಭಾಷಣ)



ಸಂಗೀತದ ಮಾತು ಬಂದಾಗ ನಾವು ಸಾಮಾನ್ಯವಾಗಿ ಹಾಡುವವರ ಕಂಠವನ್ನು ಹೊಗಳುತ್ತೇವೆ. ಸ್ವಲ್ಪ ಬಲ್ಲವರಾದರೆ ಪಿಟೀಲು, ಮೃದಂಗಗಳ ಮಾತನ್ನೂ ಎತ್ತುತ್ತೇವೆ. ಆದರೆ ಎಲ್ಲರ ಹಿಂದೆ ಕುಳಿತು ಶ್ರುತಿ ಹಿಡಿದವನ ಹೆಸರನ್ನು ಕೇಳಿ ತಿಳಿದುಕೊಂಡವರು ಕಡಮೆ. ಆತ ನುಡಿಸುತ್ತಿರುವಷ್ಟು ಹೊತ್ತು ಅವನ ಕಡೆ ಯಾರ ಗಮನವೂ ಇರುವುದಿಲ್ಲ. ನಿಲ್ಲಿಸಿದ ಕ್ಷಣದಲ್ಲಿ ಮಾತ್ರ ಏನೋ ಕಳೆದುಹೋಯಿತೆಂದು ಸಭೆಗೆ ತಿಳಿಯುತ್ತದೆ. ನಮ್ಮ ಮಳವಳ್ಳಿ ಸೀಮೆಯಲ್ಲಿ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರನ್ನು ಕೇಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಇರುಳಿಡೀ ನಡೆಯುವ ಆ ಕಥನದ ಭಾರವನ್ನು ಹೊತ್ತು ನಿಲ್ಲುವುದು ತಂಬೂರಿಯ ಒಂದೇ ಸಮನಾದ ಮೊರೆತ.

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಅಂಥದೇ ಇನ್ನೊಂದು ವಾದ್ಯವನ್ನು ಕುರಿತು. ಗಣೇಶನ ಉತ್ಸವದಲ್ಲೋ ಊರಹಬ್ಬದಲ್ಲೋ ನಡೆಯುವ ಸಿನಿಮಾ ಹಾಡುಗಳ ರಸಮಂಜರಿಯನ್ನು ನೀವು ನೋಡಿರುತ್ತೀರಿ. ಅಲ್ಲಿ ಹಾಡುವವರ ಹಿಂದೆ, ಡ್ರಮ್ಮಿನ ಪಕ್ಕದಲ್ಲಿ, ನಾಲ್ಕೇ ನಾಲ್ಕು ದಪ್ಪ ತಂತಿಗಳ ಗಿಟಾರನ್ನು ಕೊರಳಿಗೆ ಹಾಕಿಕೊಂಡು ಒಬ್ಬ ನಿಂತಿರುತ್ತಾನೆ. ಅದು ಬೇಸ್ ಗಿಟಾರು. ಅದರ ಅತಿ ತಗ್ಗಿನ ತಂತಿ ಒಂದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಿಮ್ಮ ಮನೆಯ ಪುಟ್ಟ ರೇಡಿಯೋದ ಸ್ಪೀಕರಿಗೆ ಆ ಕಂಪನವನ್ನು ಹೊರಡಿಸುವ ಶಕ್ತಿಯೇ ಇಲ್ಲ. ಆದರೂ ರೇಡಿಯೋದ ಹಾಡಿನಲ್ಲಿ ಆ ಸ್ವರ ಕೇಳಿದಂತಾಗುತ್ತದೆ. ಮೂಲಸ್ವರದ ಇಮ್ಮಡಿ, ಮುಮ್ಮಡಿ ಕಂಪನಗಳು ಮಾತ್ರ ನಮ್ಮನ್ನು ತಲಪುತ್ತವೆ. ಅವುಗಳಿಂದ ನಮ್ಮ ಕಿವಿ ಮೂಲವನ್ನು ಊಹಿಸಿಕೊಳ್ಳುತ್ತದೆ. ಇಲ್ಲದ ಸ್ವರವನ್ನು ಇದೆಯೆಂದು ಕೇಳುವ ಈ ಗುಣ ಮನುಷ್ಯನಿಗೆ ಬೇರೆ ವಿಷಯಗಳಲ್ಲೂ ಉಂಟು. ಆ ಮಾತು ಮುಂದೆ ಬರುತ್ತದೆ.

ನಮ್ಮ ಅಣ್ಣ ಮಂಡ್ಯದ ಒಂದು ರಸಮಂಜರಿ ತಂಡದಲ್ಲಿ ಬೇಸ್ ನುಡಿಸುತ್ತಿದ್ದ. 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ' ಚಿತ್ರ ಬಂತು. ಅದರ ಹಾಡುಗಳಿಗೆ ಇಳಯರಾಜ ಅವರು ಹಾಕಿದ್ದ ಬೇಸಿನ ನಡೆಯನ್ನು ಕೇಳಿ ಅಣ್ಣನಿಗೆ ಒಂದು ರೀತಿಯ ಹುಚ್ಚೇ ಹಿಡಿಯಿತು. ಅಲ್ಲಿಯವರೆಗೆ ಆತ ನುಡಿಸುತ್ತಿದ್ದದ್ದು ಸಾಧಾರಣ ಗಿಟಾರು. 1983ರಲ್ಲಿ ಬೆಂಗಳೂರಿಗೆ ಹೋಗಿ, ಯಾರೋ ಬಳಸಿ ಬಿಟ್ಟ ಬೇಸ್ ಒಂದನ್ನು ಕೊಂಡು, ಹಳೆಯ ಜಮಖಾನದಲ್ಲಿ ಸುತ್ತಿಕೊಂಡು ರಾತ್ರಿ ರೈಲಿನಲ್ಲಿ ತಂದ. ಅದು ಗಿಡ್ಡ ಜಾತಿಯ ಬೇಸ್. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಬೇಸ್ ಗಿಟಾರಿನಲ್ಲಿ ತಂತಿಯ ಮಿಡಿಯುವ ಉದ್ದ 34 ಅಂಗುಲ. ಈಗಲೂ ಅದೇ ರೂಢಿಯ ಅಳತೆ. ನಮ್ಮ ಮನೆಗೆ ಬಂದದ್ದರ ಉದ್ದ 30 ಅಂಗುಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸ್ ಕೂಡ ಈ ಗಿಡ್ಡ ಜಾತಿಗೇ ಸೇರಿದ್ದು. ಅದು 1972ರಲ್ಲಿ ಲಂಡನ್ನಿನಲ್ಲಿ ಕಳುವಾಗಿ, ಐವತ್ತು ವರ್ಷ ಕಳೆದ ಮೇಲೆ ಒಡೆಯನ ಕೈ ಸೇರಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದದ್ದನ್ನು ಕೆಲವರು ಓದಿರಬಹುದು.

ಅಣ್ಣ ಗಿಡ್ಡದ್ದನ್ನೇ ಆರಿಸಿದ್ದಕ್ಕೆ ಮೆಕಾರ್ಟ್ನಿ ಕಾರಣನಲ್ಲ. ಆತನ ಬೆರಳುಗಳು ಮೋಟು; ಮೇಲಾಗಿ ಮಂಡ್ಯದಿಂದ ಮಳವಳ್ಳಿಗೆ, ಮದ್ದೂರಿಗೆ, ಅಲ್ಲಿಂದ ಹಳ್ಳಿಗಳಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಕು. ಆದರೆ ಗಿಡ್ಡದಕ್ಕೆ ಅದರದೇ ಆದ ಒಂದು ಧ್ವನಿಯೂ ಇದೆ. ಒಂದೇ ತಂತಿಯನ್ನು ಒಂದೇ ಸ್ವರಕ್ಕೆ ಕಟ್ಟಬೇಕಾದರೆ ಅದರ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಲೆಕ್ಕ ಹಾಕಿ ನೋಡಿದರೆ, 34 ಅಂಗುಲದ ಬೇಸಿಗಿಂತ 30 ಅಂಗುಲದ್ದರಲ್ಲಿ ಬಿಗಿತ ನೂರಕ್ಕೆ ಸುಮಾರು 22ರಷ್ಟು ಕಡಮೆ. ತಂತಿ ಮೆತ್ತಗಿರುತ್ತದೆ, ನಾದ ದುಂಡಗೆ, ದಪ್ಪಗೆ, ಸ್ವಲ್ಪ ಮಸುಕಾಗಿ ಬರುತ್ತದೆ. ನಮ್ಮ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಯುವ ಜೋನಿಬೆಲ್ಲದ ಹಾಗೆ ಎಂದು ನಾನು ಹೇಳುತ್ತಿದ್ದೆ. ಮಂಡ್ಯದವನ ಉಪಮಾನ, ಕ್ಷಮಿಸಬೇಕು.

ನಾನು ಮಳವಳ್ಳಿ ತಾಲ್ಲೂಕಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಸಂಗೀತ ನನಗೆ ಬಾರದು. ತಂಡದ ಜೊತೆಯಲ್ಲಿ ಹೋದಾಗ ವೈರುಗಳನ್ನು ಸುತ್ತಿಡುವುದು, ಪ್ಲಗ್ಗು ಚುಚ್ಚುವುದು, ಇಷ್ಟು ನನ್ನ ಸೇವೆ. ಅಣ್ಣ 2018ರಲ್ಲಿ ತೀರಿಕೊಂಡ. ಬೇಸ್ ನಾಲ್ಕು ವರ್ಷ ಬೀರುವಿನ ಮೇಲೆ ಮಲಗಿತ್ತು. ಆಮೇಲೆ ಅವನ ಮಗ ಒಂದು ದಿನ ಅದನ್ನು ಇಳಿಸಿ, ಧೂಳು ಒರೆಸಿ, ನನ್ನ ಮುಂದೆ ತಂದಿಟ್ಟ. ಕೀಲಿಗಳು ಜಾರುತ್ತಿದ್ದವು. ಎರಡು ಪಿಕಪ್ಪುಗಳಲ್ಲಿ ಒಂದು ಮೂಕವಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆಂಪ್ಲಿಫೈಯರಿಗೆ ಜೋಡಿಸಿದೊಡನೆ 'ಗುಂಯ್' ಎಂಬ ಸದ್ದು. ಆ ಸದ್ದು ನಮಗೆ ಹೊಸದಲ್ಲ. ಅಣ್ಣನ ಕಾಲದಿಂದಲೂ ಇದ್ದದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಬೇಸಿನ ತಗ್ಗಿನ ತಂತಿಯ ಮೂರನೆಯ ಮೆಟ್ಟಿಲಿನ ಸ್ವರ, ಆರ್ಕೆಸ್ಟ್ರಾದವರು 'ಜಿ' ಎನ್ನುವುದು, 49. ಒಂದರ ಪಕ್ಕ ಒಂದು. "ನಂಗೆ ಶ್ರುತಿ ಕೊಡೋರು ಕರೆಂಟ್‌ನೋರು" ಎಂದು ಅಣ್ಣ ನಗುತ್ತಿದ್ದ. ಅಗ್ಗದ ವಾದ್ಯ, ಹಾಗೇ ಇರುತ್ತದೆ ಎಂದು ನಾವೂ ನಕ್ಕು ಸುಮ್ಮನಾಗುತ್ತಿದ್ದೆವು.

ಹುಡುಗ ಎಲ್ಲವನ್ನೂ ಬದಲಾಯಿಸಬೇಕೆಂದ: ಕೀಲಿ, ಕುದುರೆ, ಪಿಕಪ್ಪು, ಒಳಗಿನ ವೈರು. ನನಗೆ ಮನಸ್ಸು ಒಪ್ಪಲಿಲ್ಲ. ಇದರಲ್ಲಿ ಉಳಿಯುವುದಾದರೂ ಏನು, ಬರಿಯ ಮರ ತಾನೆ ಎಂದೆ. ಅವನು ಸಿಟ್ಟಾಗಲಿಲ್ಲ. "ಚಿಕ್ಕಪ್ಪ, ಅಪ್ಪನ ನೆನಪಿಗೆ ಗೋಡೆಗೆ ನೇತುಹಾಕು ಅಂದ್ರೆ ಹಾಕ್ತೀನಿ. ನುಡಿಸು ಅಂದ್ರೆ ರಿಪೇರಿ ಆಗ್ಲೇಬೇಕು" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಯೋಚಿಸಿ ನೋಡಿದರೆ ನಮ್ಮ ಸಂಗೀತದ ಹಿರಿಯರು ವಾದ್ಯಕ್ಕೆ ಕೈ ಹಾಕಲು ಹೆದರಿದವರಲ್ಲ. ಮಳವಳ್ಳಿಗೆ ನೆರೆಯ ತಾಲ್ಲೂಕಿನ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ಮಾಡಿದರು. ಚಮತ್ಕಾರ ಅವರ ಉದ್ದೇಶವಾಗಿರಲಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿನವನಿಗೂ ನಾದ ಮುಟ್ಟಬೇಕಾಗಿತ್ತು. ಮ್ಯಾಂಡೊಲಿನ್ ಶ್ರೀನಿವಾಸ್ ತಮ್ಮ ಸಂಗೀತಕ್ಕೆ ಒಪ್ಪುವಂತೆ ವಿದ್ಯುತ್ ಮ್ಯಾಂಡೊಲಿನ್ನನ್ನು ಬಳಸಿದರು. ಮರದ ಬಿರಡೆಗಳ ಬದಲು ಗಿಟಾರಿನ ಹಲ್ಲುಚಕ್ರದ ಕೀಲಿಗಳನ್ನು ಹಾಕಿಸಿಕೊಂಡ ವೀಣೆಗಳೂ ಈಗ ಉಂಟು. ವೀಣೆಯ ಮೇಣ ಸವೆದಾಗ ಮೆಟ್ಟಿಲುಗಳನ್ನೆಲ್ಲ ಕಿತ್ತು ಹೊಸದಾಗಿ ಮೇಳ ಕಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿಯೇ. ದೇವಸ್ಥಾನದ ವಿಷಯದಲ್ಲಿ ನಾವು ಜೀರ್ಣೋದ್ಧಾರ ಎನ್ನುತ್ತೇವಲ್ಲವೆ? ಕೆಡವಿ ಹೊಸದು ಕಟ್ಟುವುದು ಅದಲ್ಲ. ಬೀಳಲಿ ಎಂದು ಕೈಕಟ್ಟಿ ನೋಡುತ್ತ ನಿಲ್ಲುವುದೂ ಅದಲ್ಲ. ಯಾವ ಕಲ್ಲು ಭಾರ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಮೊದಲು ತಿಳಿಯುವುದು. ಈ ನ್ಯಾಯದ ಮೇಲೆ ನಾವಿಬ್ಬರೂ ಒಪ್ಪಂದಕ್ಕೆ ಬಂದೆವು.

ಮೊದಲು ಕೀಲಿಗಳು. ಒಳಗಿನ ಹಲ್ಲು ಸವೆದ ಕೀಲಿ ಸುಳ್ಳು ಹೇಳುವ ಸಾಕ್ಷಿಯ ಹಾಗೆ; ಹಾಡಿನ ಆರಂಭದಲ್ಲಿ ಒಂದು ಮಾತು, ನಡುವೆ ಇನ್ನೊಂದು. ಇದನ್ನು ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಗಿಡ್ಡ ಬೇಸಿನ ಒಡಲು ಹಗುರ. ಅದಕ್ಕೆ ದೊಡ್ಡ ಬೇಸಿನ ಭಾರದ ಕೀಲಿಗಳನ್ನು ಹಾಕಿದರೆ, ಕೈ ಬಿಟ್ಟೊಡನೆ ತಲೆ ನೆಲದ ಕಡೆಗೆ ವಾಲುತ್ತದೆ; ನುಡಿಸುವವನು ಎಡಗೈಯಲ್ಲಿ ಅರ್ಧ ನುಡಿಸುತ್ತ ಅರ್ಧ ಎತ್ತಿಹಿಡಿಯಬೇಕಾಗುತ್ತದೆ. ಹುಡುಕಿ ಹಗುರವಾದ ಕೀಲಿಗಳನ್ನೇ ತಂದೆವು. ತಂತಿಯೂ ಗಿಡ್ಡ ಬೇಸಿಗೆಂದೇ ಮಾಡಿದ್ದಾಗಿರಬೇಕು. ಉದ್ದದ ತಂತಿಯನ್ನು ಕತ್ತರಿಸಿ ಹಾಕಿದರೆ ಅದರ ದಪ್ಪ ಭಾಗವೇ ಕೀಲಿಗೆ ಸುತ್ತಿಕೊಂಡು, ಸರಿಯಾಗಿ ಕೂರದೆ, ಸುತ್ತು ಬಿಚ್ಚಿಹೋಗುತ್ತದೆ. ಅಣ್ಣ ಎಷ್ಟೋ ವರ್ಷ ಹೀಗೆ ಕತ್ತರಿಸಿದ ತಂತಿಗಳಲ್ಲೇ ಕಾಲ ಹಾಕಿದ್ದ; ಮಂಡ್ಯದಲ್ಲಿ ಬೇರೆ ಸಿಗುತ್ತಿರಲಿಲ್ಲ.

ಎರಡನೆಯದು ಕುದುರೆ. ಹಳೆಯ ಕುದುರೆ ಒಂದೇ ಲೋಹದ ಪಟ್ಟಿ. ನಾಲ್ಕು ತಂತಿಗೂ ಒಂದೇ ಉದ್ದ. ಶಾಸ್ತ್ರದ ಪ್ರಕಾರ ಹನ್ನೆರಡನೆಯ ಮೆಟ್ಟಿಲು ತಂತಿಯ ಅರ್ಧದಲ್ಲಿರಬೇಕು, ಅಂದರೆ 15 ಅಂಗುಲದಲ್ಲಿ. ಅಲ್ಲಿ ಒತ್ತಿದರೆ ತೆರೆದ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಆದರೆ ಒತ್ತಿದಾಗ ತಂತಿ ಸ್ವಲ್ಪ ಎಳೆದುಕೊಳ್ಳುತ್ತದೆ, ಸ್ವರ ಏರುತ್ತದೆ. ದಪ್ಪ ತಂತಿಯಲ್ಲಿ, ಅದರಲ್ಲೂ ಬಿಗಿತ ಕಡಮೆಯಿರುವ ಗಿಡ್ಡ ಬೇಸಿನಲ್ಲಿ, ಈ ದೋಷ ಎದ್ದುಕಾಣುತ್ತದೆ. ಅದನ್ನು ಸರಿಪಡಿಸಲು ಪ್ರತಿಯೊಂದು ತಂತಿಯ ಆಧಾರವನ್ನೂ ಬೇರೆಬೇರೆಯಾಗಿ ಹಿಂದೆ ಮುಂದೆ ಸರಿಸುವಂತಿರಬೇಕು. ಅಂಥ ಕುದುರೆಯನ್ನು ತರಿಸಿದೆವು. ಅಳತೆ ನೋಡದೆ ತರಿಸಿದ್ದು ನಮ್ಮ ತಪ್ಪು: ಅದರಲ್ಲಿ ತಂತಿಯಿಂದ ತಂತಿಗೆ 19 ಮಿಲಿಮೀಟರು, ನಮ್ಮದರಲ್ಲಿ 16. ಹಾಕಿದ್ದರೆ ಅಂಚಿನ ತಂತಿಗಳು ದಂಡಿಯಿಂದ ಹೊರಗೆ ಜಾರುತ್ತಿದ್ದವು. ಅದನ್ನು ಹಿಂದಿರುಗಿಸಿ ಸರಿಯಾದದ್ದನ್ನು ತಂದು, ಹಳೆಯ ತೂತುಗಳಿಗೆ ಬಿದಿರ ಕಡ್ಡಿ ಮತ್ತು ಅಂಟು ತುಂಬಿ, ಒಣಗಿದ ಮೇಲೆ ಹೊಸ ತೂತು ಕೊರೆದೆವು.

ಕುದುರೆ ಸರಿಹೋದ ಮೇಲೆ ನನಗೊಂದು ವಿಷಯ ಹೊಳೆಯಿತು. ಅಣ್ಣ ದಪ್ಪ ತಂತಿಯ ಮೇಲಿನ ಮೆಟ್ಟಿಲುಗಳಿಗೆ ಹೋಗುತ್ತಲೇ ಇರಲಿಲ್ಲ. ಅದು ಅವನ ಶೈಲಿ, ಸಂಯಮ ಎಂದು ತಂಡದವರೆಲ್ಲ ಹೊಗಳುತ್ತಿದ್ದರು. ಸಂಯಮವೇನೋ ನಿಜ, ಆದರೆ ಅಲ್ಲಿ ಸ್ವರ ಅಪಸ್ವರವಾಗುತ್ತಿತ್ತು, ಅದಕ್ಕೇ ಹೋಗುತ್ತಿರಲಿಲ್ಲ. ಯಾರಿಗೂ ಹೇಳದೆ, ತನ್ನ ವಾದ್ಯದ ಊನವನ್ನು ತನ್ನ ನುಡಿಸಾಣಿಕೆಯೊಳಗೇ ಮುಚ್ಚಿಟ್ಟುಕೊಂಡಿದ್ದ.

ಮೂರನೆಯದು ಪಿಕಪ್ಪು. ಇದನ್ನು ವಿವರಿಸಲು ನಾನು ಶಿವನಸಮುದ್ರಕ್ಕೆ ಹೋಗಬೇಕು. ಮಳವಳ್ಳಿ ತಾಲ್ಲೂಕಿನ ಆ ವಿದ್ಯುದಾಗಾರಕ್ಕೆ ಅನೇಕ ವರ್ಷ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೇನೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಆ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದರ ಹಿಂದಿರುವ ತತ್ತ್ವ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡದ್ದು: ತಾಮ್ರದ ತಂತಿಯ ಸುರುಳಿಯ ಬಳಿ ಅಯಸ್ಕಾಂತದ ಬಲ ಹೆಚ್ಚು ಕಡಮೆಯಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಗಿಟಾರಿನ ಪಿಕಪ್ಪು ಎಂದರೆ ಹೆಬ್ಬೆರಳ ಗಾತ್ರದ ಶಿವನಸಮುದ್ರ. ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ, ದಪ್ಪ ಸುಮಾರು 0.06 ಮಿಲಿಮೀಟರು. ಮೇಲೆ ಉಕ್ಕಿನ ತಂತಿ ಅದುರಿದರೆ ಅಯಸ್ಕಾಂತದ ಬಲ ಅದುರುತ್ತದೆ, ಸುರುಳಿಯಲ್ಲಿ ಅಷ್ಟೇ ಆವರ್ತನದ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅಲ್ಲಿ ಕಾವೇರಿ ತಿರುಗಿಸುತ್ತಾಳೆ, ಇಲ್ಲಿ ಬೆರಳು ಮಿಡಿಯುತ್ತದೆ, ವ್ಯತ್ಯಾಸ ಅಷ್ಟೇ.

ಆದರೆ ಈ ಸುರುಳಿಗೆ ವಿವೇಚನೆಯಿಲ್ಲ. ತಂತಿಯ ಅದುರನ್ನು ಹಿಡಿಯುವಂತೆಯೇ, ಸುತ್ತಮುತ್ತಲ ದೀಪ, ಟ್ರಾನ್ಸ್‌ಫಾರ್ಮರುಗಳ ಅದುರನ್ನೂ ಹಿಡಿಯುತ್ತದೆ, ಅದೇ ಗುಂಯ್‌ಗುಟ್ಟುವಿಕೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೇಥ್ ಲವರ್ ಎಂಬ ಎಂಜಿನಿಯರು ಇದಕ್ಕೆ ಒಂದು ಉಪಾಯ ಮಾಡಿದ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿ, ಅವುಗಳ ಅಯಸ್ಕಾಂತಗಳ ದಿಕ್ಕನ್ನೂ ತಿರುಗುಮುರುಗು ಮಾಡಿದರೆ, ಹೊರಗಿನ ಸದ್ದು ಒಂದನ್ನೊಂದು ಅಳಿಸಿಹಾಕುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಮೂಕವಾಗಿದ್ದ ಪಿಕಪ್ಪಿನ ಜಾಗಕ್ಕೆ ಇಂಥ ಜೋಡಿ ಸುರುಳಿಯದನ್ನು ಹಾಕುವುದೆಂದು ಹುಡುಗ ತೀರ್ಮಾನಿಸಿದ. ದಂಡಿಯ ಹತ್ತಿರವಿದ್ದ ಹಳೆಯ ಪಿಕಪ್ಪು ಮಾತ್ರ ಇರಲಿ ಎಂದು ನಾನು ಹಟ ಹಿಡಿದೆ. ಜೋನಿಬೆಲ್ಲದ ಧ್ವನಿ ಅದರದು.

ಮೂಕ ಪಿಕಪ್ಪನ್ನು ಎಸೆಯುವ ಮೊದಲು ಒಂದು ಪ್ರಯತ್ನ ಮಾಡೋಣವೆಂದು ಮದ್ದೂರಿಗೆ ಹೋದೆವು. ಅಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳನ್ನು ರೀವೈಂಡಿಂಗ್ ಮಾಡುವ ಒಬ್ಬ ಹಿರಿಯ ಕೆಲಸಗಾರ ನನಗೆ ಪರಿಚಯ. ಸುತ್ತಲಿನ ಗದ್ದೆ ತೋಟಗಳ ಸುಟ್ಟುಹೋದ ಮೋಟಾರುಗಳೆಲ್ಲ ಅವನ ಅಂಗಡಿಯ ಮುಂದೆ ಸಾಲಾಗಿ ಬಿದ್ದಿರುತ್ತವೆ. ಪಿಕಪ್ಪಿನ ಮುಚ್ಚಳ ತೆಗೆದು, ಕನ್ನಡಕ ಏರಿಸಿ ನೋಡಿ, ಅವನು ನಕ್ಕ. "ಮೇಷ್ಟ್ರೇ, ಇದು ನಮ್ ಮೋಟ್ರಿನ ತಮ್ಮನೇ ಕನಿ. ಆದ್ರೆ ನಮ್ದು ಹಗ್ಗ, ಇದು ಕೂದ್ಲು. ನಮ್ ಕೈಗೆ ದಕ್ಕಾಕಿಲ್ಲ" ಎಂದ. ಬೆವರಿನ ಉಪ್ಪಿಗೆ ಎಳೆ ಹಸುರುಗಟ್ಟಿ ಒಳಗೆಲ್ಲೋ ತುಂಡಾಗಿತ್ತು. ಅದನ್ನು ಒಂದು ಡಬ್ಬಿಯಲ್ಲಿ ಹಾಕಿ ಮನೆಗೆ ತಂದೆವು.

ಹೊಸ ಪಿಕಪ್ಪನ್ನು ಬೆಸೆದು ಆಂಪ್ಲಿಫೈಯರಿಗೆ ಜೋಡಿಸಿದೆವು. ತಗ್ಗಿನ ಮೊರೆತ ನಿಂತಿತು; ಆದರೆ ಅದರ ಮೇಲಿನ ಒಂದು ಜಿಯ್‌ಗುಟ್ಟುವ ಸದ್ದು ಹಾಗೇ ಉಳಿಯಿತು. ಜೋಡಿ ಸುರುಳಿ ಇದ್ದೂ ಸದ್ದೇಕೆ? ವಿಜ್ಞಾನದ ಮೇಷ್ಟರಾದ ನನಗೇ ತಿಳಿಯಲಿಲ್ಲ. ಬೇಸನ್ನೂ ಪುಟ್ಟ ಆಂಪ್ಲಿಫೈಯರನ್ನೂ ಎತ್ತಿಕೊಂಡು ಪುನಃ ಮದ್ದೂರಿಗೆ ಹೋದೆವು. ಆ ಹಿರಿಯ ಏನನ್ನೂ ಬಿಚ್ಚಲಿಲ್ಲ. ಮೊದಲು ಪ್ಲಗ್ಗು ನೋಡಿದ, ಅಂಗಡಿಯ ಅರ್ತು ನೋಡಿದ. ಆಮೇಲೆ ಬೆರಳಿನಿಂದ ಗಿಟಾರಿನ ತಂತಿಯನ್ನು ಮುಟ್ಟಿದ. ಸದ್ದು ಹಾಗೇ ಇತ್ತು. ವೈರಿನ ತುದಿಯ ಲೋಹವನ್ನು ಮುಟ್ಟಿದ. ಸದ್ದು ತಟ್ಟನೆ ನಿಂತಿತು. "ತಂತಿಗೆ ಅರ್ತಿಲ್ಲ ಕನಿ" ಎಂದ. ಬೇಸ್ ಗಿಟಾರಿನಲ್ಲಿ ಕುದುರೆಯ ಅಡಿಯಿಂದ ಒಂದು ವೈರು ಮರದೊಳಗೆ ಹಾದು ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತದೆ. ನುಡಿಸುವವನು ತಂತಿ ಮುಟ್ಟಿದಾಗ ಅವನ ಮೈಯೇ ಸುತ್ತಲಿನ ಸದ್ದಿಗೆ ಮರೆಯಾಗುತ್ತದೆ. ಕುದುರೆ ಬದಲಿಸುವಾಗ ಆ ವೈರಿನ ಒಂದು ತುದಿಯನ್ನು ನಾವು ನೋಡಿದ್ದೆವು. ಇನ್ನೊಂದು ತುದಿ ಸೇರಿದೆಯೆಂದೇ ನಂಬಿದ್ದೆವು.

ಹಿಂದಿನ ಮುಚ್ಚಳ ತೆಗೆದು ಕಡ್ಡಿಯಿಂದ ತೂತನ್ನು ಕೆದಕಿದಾಗ ಆ ತುದಿ ಹೊರಗೆ ಬಂತು. ಅದು ತುಕ್ಕು ಹಿಡಿದು ಮುರಿದದ್ದಲ್ಲ. ಕತ್ತರಿಸಿದ್ದು. ತುದಿಗೆ ಕಪ್ಪು ಟೇಪನ್ನು ಮೂರು ಸುತ್ತು ಅಚ್ಚುಕಟ್ಟಾಗಿ ಸುತ್ತಿ ಮರದೊಳಗೆ ತುರುಕಿತ್ತು. ಆ ಸುತ್ತುವ ರೀತಿಯನ್ನು ನಾನು ಬಲ್ಲೆ. ಅದು ಅಣ್ಣನ ಕೈ.

ಆಗ ನನಗೆ ಒಂದು ರಾತ್ರಿ ನೆನಪಾಯಿತು. ತೊಂಬತ್ತರ ದಶಕದಲ್ಲಿ, ಮಳವಳ್ಳಿ ಕಡೆಯ ಒಂದು ಹಳ್ಳಿಯ ಗಣೇಶೋತ್ಸವ. ಸಂಜೆ ಮಳೆ ಬಂದು ಚಪ್ಪರದ ನೆಲ ಒದ್ದೆಯಾಗಿತ್ತು. ಹಾಡಿನ ನಡುವೆ ಪಲ್ಲವಿಗೆ ದನಿಗೂಡಿಸಲು ಅಣ್ಣ ಮೈಕಿನ ಹತ್ತಿರ ಬಾಯಿ ತಂದ. ತುಟಿ ತಗುಲಿತು, ಮರುಕ್ಷಣ ಅವನು ಹಿಂದಕ್ಕೆ ಬಿದ್ದಿದ್ದ. ಗಿಟಾರಿನ ಆಂಪ್ಲಿಫೈಯರಿನ ಪೆಟ್ಟಿಗೆಗೆ ಕರೆಂಟು ಸೋರುತ್ತಿತ್ತು. ಎರಡು ಪಿನ್ನಿನ ಪ್ಲಗ್ಗಿಗೆ ಅರ್ತು ಇರಲಿಲ್ಲ. ಪೆಟ್ಟಿಗೆಯಿಂದ ವೈರು, ವೈರಿನಿಂದ ಕುದುರೆ, ಕುದುರೆಯಿಂದ ತಂತಿ, ತಂತಿಯಿಂದ ಕೈ, ಕೈಯಿಂದ ತುಟಿ, ತುಟಿಯಿಂದ ಮೈಕು. ದೇವರು ದೊಡ್ಡವನು, ಉಳಿದ. ಆ ರಾತ್ರಿ ಪ್ಲಗ್ಗು ಚುಚ್ಚಿದವನು ನಾನೇ. ಹಗಲು ಶಾಲೆಯಲ್ಲಿ ಕಪ್ಪು ಹಲಗೆಯ ಮೇಲೆ ಅರ್ತಿನ ಚಿತ್ರ ಬರೆಯುತ್ತಿದ್ದ ನಾನು, ಸಂಜೆ ಎರಡು ಪಿನ್ನಿನ ಪ್ಲಗ್ಗನ್ನು ಚುಚ್ಚಿ ಸುಮ್ಮನೆ ಕುಳಿತಿದ್ದೆ.

ಮನೆಗೆ ಬಂದು ಅತ್ತಿಗೆಯನ್ನು ಕೇಳಿದೆವು. ಅವರಿಗೆ ಎಲ್ಲವೂ ನೆನಪಿತ್ತು. ಆ ಘಟನೆಯ ಮಾರನೆಯ ರಾತ್ರಿ, ಇನ್ನು ಈ ಸಹವಾಸ ಬೇಡವೆಂದು ಅವರು ಅತ್ತಿದ್ದರಂತೆ. ಅಣ್ಣ ಏನೂ ಹೇಳದೆ ಗಿಟಾರಿನ ಬೆನ್ನು ಬಿಚ್ಚಿ, ಹೊತ್ತು ಮಾಡಿ ಕೂತು, ಕೊನೆಗೆ ಮುಚ್ಚಳ ಹಾಕಿದನಂತೆ. "ಇನ್ಮೇಲೆ ಹೊಡೆಯಾಕಿಲ್ಲ ಕಣಮ್ಮಿ, ಸರಿ ಮಾಡಿವ್ನಿ" ಎಂದನಂತೆ. ತಂತಿಯ ಅರ್ತನ್ನು ಕತ್ತರಿಸಿದರೆ ಪೆಟ್ಟಿಗೆಗೆ ಸೋರುವ ಕರೆಂಟು ಆ ದಾರಿಯಲ್ಲಿ ಕೈಗೆ ಬರುವುದಿಲ್ಲ. ಅದರ ಬೆಲೆಯಾಗಿ ಗುಂಯ್ ಸದ್ದು ಏರುತ್ತದೆ. ಅಣ್ಣ ಆ ಬೆಲೆಯನ್ನು ತಿಳಿದೇ ಕೊಟ್ಟಿದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಅಗ್ಗದ ವಾದ್ಯದ ದೋಷವೆಂದು ನಕ್ಕದ್ದು, ಹೆಂಡತಿಗೆ ಅವನು ಕೊಟ್ಟ ಮಾತಿನ ಸದ್ದು. ಇಲ್ಲದ ಸ್ವರವನ್ನು ಕಿವಿ ಊಹಿಸಿಕೊಳ್ಳುತ್ತದೆ ಎಂದೆನಲ್ಲ. ಇದ್ದ ಸ್ವರದ ಅರ್ಥವನ್ನು ನಾವು ಊಹಿಸಲೇ ಇಲ್ಲ.

ಹುಡುಗ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಅವನು ಕೇಳಿದ ಪ್ರಶ್ನೆ ಸರಿಯಾದದ್ದು: "ಈಗ ಇದನ್ನ ಸೇರಿಸೋದಾ, ಬಿಡೋದಾ?" ಸೇರಿಸದಿದ್ದರೆ ಸದ್ದು, ಸೇರಿಸಿದರೆ ಅಪಾಯದ ದಾರಿ ಪುನಃ ತೆರೆಯುತ್ತದೆ. ಭಾವುಕತೆಯಿಂದ ತೀರ್ಮಾನಿಸುವ ವಿಷಯ ಇದಲ್ಲ. ಅಣ್ಣ ತನ್ನ ಕೈಯಲ್ಲಿದ್ದುದನ್ನು ಮಾಡಿದ. ವೈರನ್ನು ಕತ್ತರಿಸುವುದು ಮಾತ್ರ ಅವನ ಕೈಯಲ್ಲಿತ್ತು. ನಿಜವಾದ ದೋಷ ಇದ್ದದ್ದು ಗಿಟಾರಿನಲ್ಲಲ್ಲ, ಚಪ್ಪರದ ವೈರಿಂಗಿನಲ್ಲಿ. ಆದ್ದರಿಂದ ಮೊದಲು ಅದನ್ನು ಸರಿಪಡಿಸೋಣ, ಆಮೇಲೆ ವೈರು ಸೇರಿಸೋಣ ಎಂದೆ. ತಂಡಕ್ಕಾಗಿ ಒಂದು ಹಲಗೆ ತಯಾರಾಯಿತು. ಅದರಲ್ಲಿ ಮೂರು ಪಿನ್ನಿನ ಸಾಕೆಟ್ಟುಗಳು, ಜೊತೆಗೆ 30 ಮಿಲಿಆಂಪಿಯರಿನಷ್ಟು ಕರೆಂಟು ಸೋರಿದರೂ ಥಟ್ಟನೆ ಸಂಪರ್ಕ ಕಡಿಯುವ ಒಂದು ಸಾಧನ. ಮೈಕಿನ ಪೆಟ್ಟಿಗೆಯೂ ಗಿಟಾರಿನ ಪೆಟ್ಟಿಗೆಯೂ ಒಂದೇ ಹಲಗೆಗೆ, ಒಂದೇ ಅರ್ತಿಗೆ. ಅರ್ತು ಇಲ್ಲದ ಕಡೆ ಕಾರ್ಯಕ್ರಮವಿಲ್ಲ. ಇಷ್ಟು ಗೊತ್ತಾದ ಮೇಲೆ, ಮದ್ದೂರಿನ ಹಿರಿಯ ಟೇಪು ಬಿಚ್ಚಿ, ತುದಿಯನ್ನು ಕೆರೆದು, ಬೆಸುಗೆ ಹಾಕಿದ. ಗೂಡಿಗೆಲ್ಲ ತಾಮ್ರದ ತೆಳು ಹಾಳೆಯನ್ನು ಅಂಟಿಸಿ ಅದನ್ನೂ ಅರ್ತಿಗೆ ಸೇರಿಸಿದೆವು. ಹಳೆಯ ಪಿಕಪ್ಪು ದೀಪಗಳ ಹತ್ತಿರ ಈಗಲೂ ಸ್ವಲ್ಪ ಗೊಣಗುತ್ತದೆ; ಅಷ್ಟನ್ನು ಅದರ ವಯಸ್ಸಿಗೆ ಬಿಟ್ಟುಕೊಟ್ಟಿದ್ದೇವೆ.

ಈ ಬೇಸ್ ಮೊದಲು ಸಭೆಗೆ ಬಂದದ್ದು ಮದ್ದೂರಿನಲ್ಲೇ. ನಾನು ಹಲಗೆಯನ್ನು ಎರಡು ಸಲ ಪರೀಕ್ಷಿಸಿ, ಜನರ ಹಿಂದೆ ಹೋಗಿ ನಿಂತೆ. ಹುಡುಗ ತನ್ನ ತಂದೆ ಎಂದೂ ಮುಟ್ಟದಿದ್ದ ಮೇಲಿನ ಮೆಟ್ಟಿಲುಗಳಿಗೆ ಹೋದ. ಸ್ವರ ನೆಟ್ಟಗೆ ನಿಂತಿತು. ತಗ್ಗಿನ ತಂತಿ ಎಂದಿನ ಹಾಗೆ ನೆಲದೊಳಗಿಂದ ಬಂದಂತೆ ಬಂತು. ಹಾಡು ಮುಗಿದು ಇನ್ನೊಂದು ಹಾಡು ಆರಂಭವಾಗುವ ನಡುವಿನ ಹೊತ್ತಿನಲ್ಲಿ ಗುಂಯ್ ಸದ್ದು ಇರಲಿಲ್ಲ. ಆ ನಿಶ್ಶಬ್ದ ನನಗೆ ಹೊಸದು. ಸುಖವಾಗಿಯೂ ಇತ್ತು, ಸ್ವಲ್ಪ ಬರಿದಾಗಿಯೂ ಇತ್ತು.

ಹಳೆಯದನ್ನು ಸರಿಪಡಿಸಹೊರಟ ಯಾರಿಗಾದರೂ, ಅದು ಗಿಟಾರಿರಲಿ, ಮನೆಯಿರಲಿ, ಪದ್ಧತಿಯಿರಲಿ, ನಾನು ಕಲಿತ ಒಂದು ಮಾತನ್ನು ಹೇಳಬಯಸುತ್ತೇನೆ. ದೋಷವೆಂದು ಕಂಡದ್ದೆಲ್ಲ ಸವೆತವಲ್ಲ. ಕೆಲವು ಯಾರೋ ಕಾರಣ ಕಂಡು ಮಾಡಿದ ಏರ್ಪಾಡುಗಳು. ತೆಗೆಯುವುದಾದರೆ ತೆಗೆಯಿರಿ, ಆದರೆ ಆ ಕಾರಣವನ್ನು ಹುಡುಕಿ, ಅದಕ್ಕೆ ಬೇರೆ ಪರಿಹಾರ ಮಾಡಿ ತೆಗೆಯಿರಿ. ಅಣ್ಣ ಒಂದು ಚೀಟಿ ಬರೆದಿಟ್ಟಿದ್ದರೆ ನಾವು ಇಷ್ಟು ಅಲೆಯಬೇಕಾಗಿರಲಿಲ್ಲ. ಆದ್ದರಿಂದ ಹುಡುಗ ಮುಚ್ಚಳ ಹಾಕುವ ಮೊದಲು ಒಂದು ಕಾಗದದ ಮೇಲೆ ಬರೆದು ಒಳಗಿಟ್ಟಿದ್ದಾನೆ: ಏನನ್ನು ಬದಲಿಸಿದೆವು, ಏಕೆ, ಎಂದು, ಹಲಗೆಯಿಲ್ಲದೆ ಇದನ್ನು ನುಡಿಸಬಾರದು ಎಂದು. ಕಪ್ಪು ಟೇಪಿನ ಆ ಚೂರನ್ನು ಕೂಡ ಚೀಟಿಯ ಜೊತೆಯಲ್ಲೇ ಮಡಿಸಿಟ್ಟಿದ್ದಾನೆ. ಮುಂದೆ ಇದರ ಬೆನ್ನು ಬಿಚ್ಚುವವರಿಗೆ ಅದು ಸಿಗುತ್ತದೆ.